ಬಿಲ್ ನೋಡುವ ಮುನ್ನ ಕೈಲೆಕ್ಕ: ಇಂಧನ ಬಿಲ್ಲಿಂಗ್ ತಂತ್ರಾಂಶವನ್ನು ಪರೀಕ್ಷಿಸುವ ಕ್ರಮ

ವಿದ್ಯುತ್ತಿನದಾಗಲಿ ಅನಿಲದ್ದಾಗಲಿ, ಬಿಲ್ ಕೈಗೆ ಬಂದಾಗ ಗ್ರಾಹಕರು ನೋಡುವುದು ಕೊನೆಯ ಸಾಲಿನ ಮೊತ್ತವನ್ನು. ಆ ಮೊತ್ತದ ಹಿಂದೆ ಮೀಟರ್ ರೀಡಿಂಗ್, ಗುಣಕ (ರೀಡಿಂಗನ್ನು ನಿಜವಾದ ಬಳಕೆಗೆ ತರಲು ಗುಣಿಸುವ ಸಂಖ್ಯೆ), ಸ್ಲ್ಯಾಬ್ ದರ (ಬಳಕೆಯ ಹಂತಕ್ಕೆ ತಕ್ಕಂತೆ ಬದಲಾಗುವ ದರ), ದಿನಗಳ ಎಣಿಕೆ, ತೆರಿಗೆ, ಹಳೆಯ ಬಾಕಿ, ಜಮೆ ಎಂದು ಹಲವು ಹಂತಗಳಿರುತ್ತವೆ. ಯಾವುದಾದರೊಂದು ಹಂತದಲ್ಲಿ ತಂತ್ರಾಂಶ ಎಡವಿದರೂ ಬಿಲ್ ಮಾತ್ರ ಎಂದಿನ ಅಚ್ಚುಕಟ್ಟಿನಲ್ಲಿಯೇ ಮುದ್ರಣಗೊಂಡು ಹೊರಬರುತ್ತದೆ. ಪರದೆಯ ಮೇಲೆ ಎಚ್ಚರಿಕೆಯ ಸಂದೇಶವಾಗಲಿ, ಅರ್ಧಕ್ಕೆ ನಿಂತ ಕೆಲಸವಾಗಲಿ ಕಾಣುವುದಿಲ್ಲ. ಬಿಲ್ಲಿಂಗ್ ಪರೀಕ್ಷೆಯ ಕಷ್ಟವಿರುವುದು ಇಲ್ಲಿಯೇ. ತಪ್ಪು ಮೊತ್ತವೂ ಸರಿಯಾದ ಮೊತ್ತದಷ್ಟೇ ನಂಬುವಂತಿರುತ್ತದೆ, ಮತ್ತು ಅದೇ ತಪ್ಪು ಒಂದೇ ರಾತ್ರಿಯಲ್ಲಿ ಲಕ್ಷಾಂತರ ಮನೆಗಳ ಬಿಲ್ಲುಗಳಿಗೆ ಹರಡಬಲ್ಲದು.

ಆದ್ದರಿಂದ ಈ ಬರಹದುದ್ದಕ್ಕೂ ನಾನು ಒಂದು ನಿಯಮವನ್ನು ಹಿಡಿದುಕೊಂಡು ಹೋಗುತ್ತೇನೆ: ತಂತ್ರಾಂಶ ತಯಾರಿಸಿದ ಬಿಲ್ಲನ್ನು ತೆರೆಯುವ ಮೊದಲೇ, ಬರಬೇಕಾದ ಮೊತ್ತವನ್ನು ಪರೀಕ್ಷಕರು ಸ್ವತಂತ್ರವಾಗಿ ಲೆಕ್ಕ ಹಾಕಿ ಬರೆದಿಟ್ಟಿರಬೇಕು. ಬಿಲ್ ನೋಡಿದ ಮೇಲೆ ಲೆಕ್ಕಕ್ಕೆ ಕುಳಿತರೆ ಮನಸ್ಸು ತನಗರಿವಿಲ್ಲದೆಯೇ ಆ ಮೊತ್ತಕ್ಕೆ ಹೊಂದುವ ದಾರಿಯನ್ನು ಹುಡುಕತೊಡಗುತ್ತದೆ. ಕೆಲಸದ ಮೊದಲ ವರ್ಷಗಳಲ್ಲಿ ನಾನು ಹೀಗೆಯೇ ಮಾಡಿ, ಬೇಡಿಕೆ ಶುಲ್ಕದ (ಗ್ರಾಹಕರು ಒಮ್ಮೆಗೆ ಎಳೆಯುವ ಗರಿಷ್ಠ ವಿದ್ಯುತ್ ಪ್ರಮಾಣಕ್ಕೆ ಬೀಳುವ ಶುಲ್ಕ) ಒಂದು ತಪ್ಪನ್ನು ಸರಿಯೆಂದು ಒಪ್ಪಿಬಿಟ್ಟಿದ್ದೆ. ಅಂದಿನಿಂದ ಈ ಕ್ರಮವನ್ನು ಬಿಟ್ಟಿಲ್ಲ. ಕೆಳಗಿನ ಉದಾಹರಣೆಗಳಲ್ಲಿರುವ ದರಗಳು ವಿವರಣೆಗೆಂದು ಇಟ್ಟುಕೊಂಡವು. ನಾಣ್ಯ ಯಾವುದಾದರೂ ಲೆಕ್ಕದ ನಡೆ ಒಂದೇ. ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಅವರ್.

ದರಪಟ್ಟಿಯನ್ನು ಓದುವುದು

ಪರೀಕ್ಷೆಯ ಕೆಲಸ ಕಂಪ್ಯೂಟರಿನ ಮುಂದೆ ಶುರುವಾಗುವುದಿಲ್ಲ, ದರಪಟ್ಟಿಯ ಮುಂದೆ ಶುರುವಾಗುತ್ತದೆ. ವಿನ್ಯಾಸದ ದಾಖಲೆಯನ್ನು ಬರೆದವರು ದರಪಟ್ಟಿಯನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೋ ಹಾಗೆಯೇ ತಂತ್ರಾಂಶ ಸಿದ್ಧವಾಗಿರುತ್ತದೆ. ಪರೀಕ್ಷಕರೂ ಅದೇ ದಾಖಲೆಯನ್ನೇ ನಂಬಿದರೆ ಅರ್ಥೈಸುವಿಕೆಯಲ್ಲಿಯೇ ಆದ ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಮೂಲ ದರ ಆದೇಶವನ್ನು ತರಿಸಿಕೊಂಡು, ಪ್ರತಿಯೊಂದು ಸಾಲಿನ ಪಕ್ಕದಲ್ಲಿಯೂ ಅದು ಎತ್ತುವ ಪ್ರಶ್ನೆಗಳನ್ನು ಬರೆಯುತ್ತ ಹೋಗಿ.

«ಮೊದಲ 50 ಯೂನಿಟ್‌ಗಳಿಗೆ 4.00, ಮುಂದಿನ 50ಕ್ಕೆ 5.50, 100ರ ಮೇಲಿನ ಬಳಕೆಗೆ 7.00, ತಿಂಗಳಿಗೆ ನಿಗದಿತ ಶುಲ್ಕ 60, ತೆರಿಗೆ 9 ಪ್ರತಿಶತ» ಎಂಬ ಸರಳ ಪಟ್ಟಿಯನ್ನೇ ತೆಗೆದುಕೊಳ್ಳಿ. ತೆರಿಗೆ ಯಾವುದರ ಮೇಲೆ, ಬಳಕೆಯ ಶುಲ್ಕದ ಮೇಲೆ ಮಾತ್ರವೋ, ನಿಗದಿತ ಶುಲ್ಕವೂ ಸೇರಿಯೋ? ಬಿಲ್ಲಿನ ಅವಧಿ 30 ದಿನಕ್ಕಿಂತ ಹೆಚ್ಚಾದರೆ 50 ಯೂನಿಟ್‌ಗಳ ಮಿತಿಯೂ ಹಿಗ್ಗುತ್ತದೆಯೋ? ಹಿಗ್ಗಿದರೆ ದಶಮಾಂಶವನ್ನು ಉಳಿಸಿಕೊಳ್ಳುತ್ತದೆಯೋ? ಬಳಕೆ ಸೊನ್ನೆಯಿದ್ದರೆ ನಿಗದಿತ ಶುಲ್ಕ ಬರಬೇಕೋ? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ದರ ವಿಭಾಗದವರು, ತಂತ್ರಾಂಶ ಬರೆದವರಲ್ಲ. ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಬಾಯಿಮಾತಿನ ಒಪ್ಪಂದಗಳು ಎರಡು ತಿಂಗಳಲ್ಲಿ ಯಾರಿಗೂ ನೆನಪಿರುವುದಿಲ್ಲ.

ಕೈಲೆಕ್ಕದ ಹಾಳೆ

ಪ್ರತಿ ಟೆಸ್ಟ್ ಕೇಸ್‌ಗೂ, ಅಂದರೆ ಪರೀಕ್ಷಿಸುವ ಪ್ರತಿಯೊಂದು ಸನ್ನಿವೇಶಕ್ಕೂ, ಸ್ಪ್ರೆಡ್‌ಶೀಟಿನಲ್ಲಿ ಒಂದು ಲೆಕ್ಕದ ಹಾಳೆ ಇರಲಿ, ಅದರಲ್ಲಿ ಕೊನೆಯ ಮೊತ್ತದ ಜೊತೆಗೆ ಪ್ರತಿಯೊಂದು ನಡುವಿನ ಮೊತ್ತವೂ ಕಾಣುವಂತಿರಲಿ. 137 ಯೂನಿಟ್ ಬಳಸಿದ ಗ್ರಾಹಕರೊಬ್ಬರ 30 ದಿನಗಳ ಬಿಲ್ಲನ್ನು ಮೇಲಿನ ದರದಲ್ಲಿ ಲೆಕ್ಕ ಹಾಕಿದರೆ ಮೊದಲ ಸ್ಲ್ಯಾಬಿಗೆ 200, ಎರಡನೆಯದಕ್ಕೆ 275, ಉಳಿದ 37 ಯೂನಿಟ್‌ಗಳಿಗೆ 259, ಒಟ್ಟು ಬಳಕೆಯ ಶುಲ್ಕ 734 ಆಗುತ್ತದೆ. ತೆರಿಗೆ ಬಳಕೆಯ ಶುಲ್ಕದ ಮೇಲೆ ಮಾತ್ರ ಎಂದಾದರೆ 66.06, ನಿಗದಿತ ಶುಲ್ಕ 60 ಸೇರಿ ಬಿಲ್ 860.06. ನಿಗದಿತ ಶುಲ್ಕಕ್ಕೂ ತೆರಿಗೆ ಸೇರಿಸಿದರೆ ಬಿಲ್ 865.46 ಆಗುತ್ತದೆ. ಇವೆರಡರ ನಡುವಿನ ವ್ಯತ್ಯಾಸ 5.40, ಬಿಲ್ಲನ್ನು ಕಣ್ಣಳತೆಯಲ್ಲಿ ನೋಡುವವರು ಯಾರೂ ಇದನ್ನು ಹಿಡಿಯಲಾರರು.

ನಡುವಿನ ಮೊತ್ತಗಳು ಏಕೆ ಬೇಕೆಂದರೆ, ಎರಡು ತಪ್ಪುಗಳು ಒಂದನ್ನೊಂದು ಮರೆಮಾಚಿ ಕೊನೆಯ ಮೊತ್ತವನ್ನು ಸರಿಯಾಗಿಯೇ ತೋರಿಸುವ ಸಂದರ್ಭಗಳಿವೆ. ಬಿಲ್ಲಿನ ಮೇಲೆ ಮುದ್ರಣಗೊಳ್ಳದ ನಡುವಿನ ಮೊತ್ತಗಳು ಡೇಟಾಬೇಸಿನಲ್ಲಿ ಇದ್ದೇ ಇರುತ್ತವೆ. ಅವುಗಳನ್ನು ಓದುವಷ್ಟು ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಬಿಲ್ಲಿಂಗ್ ಪರೀಕ್ಷಕರಿಗೆ ಬರಬೇಕು. ಇನ್ನೊಂದು ಎಚ್ಚರಿಕೆ: ತಂತ್ರಾಂಶದ ಸೂತ್ರವನ್ನೇ ನಕಲು ಮಾಡಿ ಹಾಳೆಗೆ ಅಂಟಿಸಬೇಡಿ. ಹಾಗೆ ಮಾಡಿದರೆ ಒಂದೇ ತಪ್ಪು ಎರಡು ಕಡೆ ಕುಳಿತು ಪರಸ್ಪರ ಸಾಕ್ಷಿ ಹೇಳುತ್ತದೆ.

ಅವಧಿ 35 ದಿನವಾದಾಗ ಏನಾಗುತ್ತದೆ ನೋಡಿ. ಮಿತಿಯನ್ನು ದಿನಗಳಿಗೆ ತಕ್ಕಂತೆ ಹಿಗ್ಗಿಸಿದರೆ 50 ಎಂಬುದು 58.33 ಆಗುತ್ತದೆ, ಅದೇ 137 ಯೂನಿಟ್‌ಗಳ ಬಳಕೆಯ ಶುಲ್ಕ 696.50. ಮಿತಿಯನ್ನು 58 ಎಂದು ಪೂರ್ಣಾಂಕಕ್ಕೆ ಇಳಿಸಿದರೆ 698.00. ಹಿಗ್ಗಿಸದೆ ಬಿಟ್ಟರೆ 734.00. ಮೂರೂ ಉತ್ತರಗಳು ಸಾಧ್ಯ, ನಿಮ್ಮ ದರ ಆದೇಶದ ಪ್ರಕಾರ ಸರಿಯಾದದ್ದು ಒಂದೇ. ಹೀಗಾಗಿ ಹಾಳೆಯಲ್ಲಿ ಸರಿಯುತ್ತರದ ಪಕ್ಕದಲ್ಲಿ, ನಿರೀಕ್ಷಿಸಬಹುದಾದ ತಪ್ಪು ಉತ್ತರಗಳನ್ನೂ ಲೆಕ್ಕ ಹಾಕಿ ಇಟ್ಟುಕೊಳ್ಳುವ ಅಭ್ಯಾಸ ನನ್ನದು. ಬಿಲ್ 698 ಎಂದು ಬಂದ ಕೂಡಲೇ ತಪ್ಪು ಎಲ್ಲಿದೆಯೆಂದು ಹೇಳಬಹುದು, ಹುಡುಕಾಟದ ಅರ್ಧ ದಿನ ಉಳಿಯುತ್ತದೆ.

ಸ್ಲ್ಯಾಬಿನ ಗಡಿಗಳನ್ನು ಪರೀಕ್ಷಿಸುವುದು ಎಲ್ಲರಿಗೂ ಗೊತ್ತಿರುವ ಕ್ರಮ: 0, 1, 49, 50, 51, 99, 100, 101. ಇವುಗಳ ಜೊತೆಗೆ 50.4ರಂತಹ ದಶಮಾಂಶದ ಬಳಕೆಯನ್ನೂ, ಮೀಟರಿನಲ್ಲಿ ಬರಬಹುದಾದ ಅತಿ ದೊಡ್ಡ ಬಳಕೆಯನ್ನೂ ಸೇರಿಸಿ. ಸ್ಲ್ಯಾಬ್‌ಗಳಲ್ಲಿ ಎರಡು ಬಗೆಗಳಿವೆಯೆಂಬುದನ್ನು ಮರೆಯಬಾರದು. ಪ್ರತಿ ಸ್ಲ್ಯಾಬಿಗೆ ಅದರದೇ ದರ ಅನ್ವಯಿಸುವ ಬಗೆಯಲ್ಲಿ 100 ಯೂನಿಟ್‌ಗಳಿಗೆ 475, 101ಕ್ಕೆ 482. ಮಿತಿ ದಾಟಿದ ಕೂಡಲೇ ಪೂರ್ತಿ ಬಳಕೆಗೆ ಮೇಲಿನ ದರ ಬೀಳುವ ಬಗೆಯಲ್ಲಿ 100ಕ್ಕೆ 550, 101ಕ್ಕೆ 707. ಎರಡನೆಯ ಬಗೆಯಲ್ಲಿ ಗಡಿಯ ಒಂದು ಯೂನಿಟ್ ತಪ್ಪಿದರೆ ಗ್ರಾಹಕರಿಗೆ ಆಗುವ ನಷ್ಟ 157. ಗಡಿಯ ಟೆಸ್ಟ್ ಕೇಸ್‌ಗಳಿಗೆ ಎಷ್ಟು ಆದ್ಯತೆ ಕೊಡಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಮೀಟರಿನಿಂದ ಬರುವ ತಪ್ಪುಗಳು

ನನ್ನ ಅನುಭವದಲ್ಲಿ ದೊಡ್ಡ ಮೊತ್ತದ ತಪ್ಪುಗಳು ದರದಿಂದ ಬರುವುದಕ್ಕಿಂತ ಮೀಟರಿನ ಮಾಹಿತಿಯಿಂದ ಬರುವುದೇ ಹೆಚ್ಚು. ಆದ್ದರಿಂದ ಈ ಭಾಗಕ್ಕೆ ಸಮಯ ಕೊಡಿ.

ಐದು ಅಂಕಿಗಳ ಮೀಟರ್ 99999 ತಲುಪಿದ ಮೇಲೆ ಸೊನ್ನೆಗೆ ಮರಳುತ್ತದೆ. ಹಿಂದಿನ ರೀಡಿಂಗ್ 99850, ಈಗಿನದು 00120 ಆಗಿದ್ದರೆ ಬಳಕೆ 270. ಈ ಪ್ರಕರಣವನ್ನು ಬಹುತೇಕ ಪರೀಕ್ಷಕರು ಬರೆದಿರುತ್ತಾರೆ. ಬರೆಯದೆ ಬಿಡುವುದು ಇದರ ಮರುಮುಖವನ್ನು. ಹಿಂದಿನ ರೀಡಿಂಗ್ 45210 ಇದ್ದು, ಈ ಸಲ ರೀಡಿಂಗ್ ತೆಗೆದವರು 45310 ಬದಲಿಗೆ 45120 ಎಂದು ತಪ್ಪಾಗಿ ಬರೆದರೆ, ಮೀಟರ್ ಒಂದು ಸುತ್ತು ಮುಗಿಸಿದೆಯೆಂದು ಭಾವಿಸುವ ತಂತ್ರಾಂಶ 99910 ಯೂನಿಟ್‌ಗಳ ಬಿಲ್ ತಯಾರಿಸುತ್ತದೆ. ಇಲ್ಲಿ ಬಿಲ್ ಹೊರಬೀಳಲೇಬಾರದು. ಬಳಕೆ ಅಸಹಜವೆಂದು ತಂತ್ರಾಂಶ ಅದನ್ನು ತಡೆದು, ಮನುಷ್ಯರೊಬ್ಬರ ಪರಿಶೀಲನೆಗೆ ಸಾಲಿನಲ್ಲಿ ನಿಲ್ಲಿಸಬೇಕು. ಆ ತಡೆ ಕೆಲಸ ಮಾಡುತ್ತದೆಯೇ, ತಡೆದ ಬಿಲ್ಲನ್ನು ಬಿಡುಗಡೆ ಮಾಡುವ ಅಧಿಕಾರ ಯಾರಿಗಿದೆ, ಬಿಡುಗಡೆ ಮಾಡಿದವರ ಹೆಸರು ದಾಖಲಾಗುತ್ತದೆಯೇ ಎಂಬ ಮೂರನ್ನೂ ಪರೀಕ್ಷಿಸಿ.

ಗುಣಕದ ವಿಷಯ ಇನ್ನೂ ಸೂಕ್ಷ್ಮ. ದೊಡ್ಡ ಗ್ರಾಹಕರ ವಿದ್ಯುತ್ತನ್ನು ಮೀಟರ್ ನೇರವಾಗಿ ಅಳೆಯುವುದಿಲ್ಲ, ಕರೆಂಟ್ ಟ್ರಾನ್ಸ್‌ಫಾರ್ಮರ್ (ಸಿಟಿ) ಮತ್ತು ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್‌ಗಳ (ಪಿಟಿ) ಮೂಲಕ ಇಳಿಸಿದ ಪ್ರಮಾಣವನ್ನು ಅಳೆಯುತ್ತದೆ. ಸಿಟಿಯ ಅನುಪಾತ 200/5, ಪಿಟಿಯ ಅನುಪಾತ 11000/110 ಆಗಿದ್ದರೆ ಗುಣಕ 40 ಇಂಟು 100, ಅಂದರೆ 4000. ರೀಡಿಂಗಿನ ವ್ಯತ್ಯಾಸ 12.5 ಎಂದರೆ ನಿಜವಾದ ಬಳಕೆ 50000 ಯೂನಿಟ್. ಈಗ ತೊಡಕು ಎಲ್ಲಿದೆಯೆಂದರೆ, ಕೆಲವು ಮೀಟರ್‌ಗಳಲ್ಲಿ ಈ ಅನುಪಾತವನ್ನು ಮೀಟರಿನೊಳಗೇ ಹೊಂದಿಸಿರುತ್ತಾರೆ, ಅವು ಮೂಲ ಪ್ರಮಾಣವನ್ನೇ ತೋರಿಸುವುದರಿಂದ ಅವುಗಳ ಗುಣಕ 1. ಇನ್ನು ಕೆಲವು ಮೀಟರ್‌ಗಳನ್ನು 100/5ರ ಸಿಟಿಗೆಂದು ತಯಾರಿಸಿ 200/5ರ ಸಿಟಿಗೆ ಜೋಡಿಸಿರುತ್ತಾರೆ, ಅಲ್ಲಿ ಗುಣಕ 2. ಈ ಮೂರೂ ಬಗೆಯ ಮೀಟರ್‌ಗಳನ್ನು ಟೆಸ್ಟ್ ಡೇಟಾದಲ್ಲಿ ಇಟ್ಟುಕೊಳ್ಳಿ, ಮತ್ತು ಅವಧಿಯ ನಡುವೆ ಸಿಟಿ ಬದಲಾದ ಒಂದು ಪ್ರಕರಣವನ್ನು ಖಂಡಿತವಾಗಿ ಬರೆಯಿರಿ. ಹೊಸ ಗುಣಕವನ್ನು ಪೂರ್ತಿ ಅವಧಿಗೆ ಅನ್ವಯಿಸಿಬಿಡುವ ತಪ್ಪು ಇಲ್ಲಿಯೇ ಅಡಗಿರುತ್ತದೆ.

ಮೀಟರ್ ಬದಲಾವಣೆಯ ಪ್ರಕರಣವನ್ನು ಅಂಕಿಗಳಲ್ಲಿಯೇ ನೋಡೋಣ. ಹಳೆಯ ಮೀಟರಿನ ಹಿಂದಿನ ರೀಡಿಂಗ್ 8430, ತೆಗೆದ ದಿನದ ಕೊನೆಯ ರೀಡಿಂಗ್ 8512. ಹೊಸ ಮೀಟರನ್ನು ಕೂರಿಸಿದಾಗಿನ ರೀಡಿಂಗ್ 12, ಅವಧಿಯ ಕೊನೆಯಲ್ಲಿ 61. ಒಟ್ಟು ಬಳಕೆ 82 ಮತ್ತು 49 ಸೇರಿ 131. ಹೊಸ ಮೀಟರ್ ಸೊನ್ನೆಯಿಂದಲೇ ಶುರುವಾಗುತ್ತದೆಂದು ಊಹಿಸುವ ತಂತ್ರಾಂಶ 143 ಎನ್ನುತ್ತದೆ. ಇಷ್ಟಕ್ಕೆ ನಿಲ್ಲದೆ ಸ್ಲ್ಯಾಬನ್ನೂ ನೋಡಿ: 131 ಯೂನಿಟ್‌ಗಳನ್ನು ಒಟ್ಟಿಗೆ ಸ್ಲ್ಯಾಬಿಗೆ ಹಾಕಿದರೆ ಶುಲ್ಕ 692, ಎರಡು ಮೀಟರ್‌ಗಳಿಗೂ ಪ್ರತ್ಯೇಕವಾಗಿ ಮೊದಲ ಸ್ಲ್ಯಾಬಿನಿಂದ ಶುರು ಮಾಡಿದರೆ 376 ಮತ್ತು 196 ಸೇರಿ 572. ಕಂಪನಿಗೆ 120 ನಷ್ಟ, ಅದೂ ಮೀಟರ್ ಬದಲಾದ ಪ್ರತಿ ಮನೆಯಲ್ಲೂ. ಹಳೆಯ ಮೀಟರ್‌ಗಳನ್ನು ಸ್ಮಾರ್ಟ್ ಮೀಟರ್‌ಗಳಿಗೆ ಸಗಟಾಗಿ ಬದಲಾಯಿಸುವ ಯೋಜನೆಗಳಲ್ಲಿ ಈ ಒಂದು ಟೆಸ್ಟ್ ಕೇಸ್ ಉಳಿದವೆಲ್ಲಕ್ಕಿಂತ ಮುಖ್ಯ ಎಂದೇ ನಾನು ಹೇಳುತ್ತೇನೆ. ನಿಗದಿತ ಶುಲ್ಕ ಎರಡು ಸಲ ಬಿದ್ದಿಲ್ಲವೆಂಬುದನ್ನೂ ಅದೇ ಬಿಲ್ಲಿನಲ್ಲಿ ನೋಡಿಬಿಡಿ.

ದಿನ, ಗಂಟೆ, ಕಾಲು ಗಂಟೆ

ಏಪ್ರಿಲ್ 1ರಂದು ಒಂದು ರೀಡಿಂಗ್, ಮೇ 1ರಂದು ಇನ್ನೊಂದು. ಅವಧಿ 30 ದಿನವೋ 31 ದಿನವೋ? ಎರಡು ತುದಿಗಳಲ್ಲಿ ಒಂದನ್ನು ಮಾತ್ರ ಎಣಿಸಬೇಕು, ಆದ್ದರಿಂದ 30. ಎರಡನ್ನೂ ಎಣಿಸುವ ತಂತ್ರಾಂಶ ಪ್ರತಿ ಬಿಲ್ಲಿನಲ್ಲಿಯೂ ಒಂದು ದಿನದ ನಿಗದಿತ ಶುಲ್ಕವನ್ನು ಹೆಚ್ಚಾಗಿ ಪಡೆಯುತ್ತದೆ. ಇದನ್ನು ಹಿಡಿಯಲು ಸುಲಭವಾದ ಉಪಾಯವಿದೆ: ಒಂದೇ ಖಾತೆಗೆ ಒಂದು ವರ್ಷ ತುಂಬುವಂತೆ ಸತತವಾಗಿ ಬಿಲ್ ಮಾಡಿ, ಬಿಲ್ಲಿನಲ್ಲಿ ಮುದ್ರಣಗೊಂಡ ದಿನಗಳನ್ನೆಲ್ಲ ಕೂಡಿಸಿ ನೋಡಿ. ಮೊತ್ತ 365 ಅಥವಾ ಅಧಿಕ ವರ್ಷದಲ್ಲಿ 366 ಬರಬೇಕು. ಫೆಬ್ರವರಿ 29ರಂದು ಆರಂಭವಾಗುವ ಅವಧಿ, ಆ ದಿನವೇ ಮುಗಿಯುವ ಅವಧಿ, ಆ ದಿನ ಒಳಗಿರುವ ಅವಧಿ, ಈ ಮೂರನ್ನೂ ಪ್ರತ್ಯೇಕವಾಗಿ ಓಡಿಸಿ.

ಅವಧಿಯ ನಡುವೆ ದರ ಬದಲಾದರೆ ಬಳಕೆಯನ್ನು ದಿನಗಳ ಅನುಪಾತದಲ್ಲಿ ಹಂಚಬೇಕೋ, ಬದಲಾದ ದಿನದ ರೀಡಿಂಗನ್ನೇ ಬಳಸಬೇಕೋ ಎಂಬುದು ನಿಯಮವನ್ನು ಅವಲಂಬಿಸಿದೆ. ಯಾವುದೇ ಆದರೂ ಹಂಚಿದ ಎರಡು ಭಾಗಗಳ ಮೊತ್ತ ಮೂಲ ಬಳಕೆಗೆ ಸರಿಯಾಗಿ ತಾಳೆಯಾಗಬೇಕು. ಎರಡೂ ಭಾಗಗಳನ್ನು ಬೇರೆ ಬೇರೆಯಾಗಿ ಪೂರ್ಣಾಂಕಕ್ಕೆ ತಂದು ಒಂದು ಯೂನಿಟನ್ನು ಕಳೆದುಕೊಂಡ ಅಥವಾ ಹುಟ್ಟಿಸಿದ ತಂತ್ರಾಂಶಗಳನ್ನು ನಾನು ಕಂಡಿದ್ದೇನೆ.

ಸ್ಮಾರ್ಟ್ ಮೀಟರ್ 15 ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸಿದರೆ ದಿನಕ್ಕೆ 96 ದಾಖಲೆಗಳು, ಅರ್ಧ ಗಂಟೆಗಾದರೆ 48. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ದೇಶಗಳಲ್ಲಿ ವರ್ಷಕ್ಕೊಂದು ದಿನ 23 ಗಂಟೆಗಳದ್ದು, ಇನ್ನೊಂದು ದಿನ 25 ಗಂಟೆಗಳದ್ದು. ಆಗ ದಾಖಲೆಗಳು 92 ಅಥವಾ 100. 96 ಇಲ್ಲವೆಂದು ಮೊದಲನೆಯ ದಿನವನ್ನು ಅಪೂರ್ಣವೆಂದು ತಿರಸ್ಕರಿಸುವ, ಒಂದೇ ಗಂಟೆ ಎರಡು ಸಲ ಬಂದಾಗ ಎರಡನೆಯದನ್ನು ನಕಲೆಂದು ಅಳಿಸುವ ತಪ್ಪುಗಳು ವರ್ಷದಲ್ಲಿ ಎರಡೇ ದಿನ ಕಾಣಿಸಿಕೊಳ್ಳುತ್ತವೆ. ಪರೀಕ್ಷಾ ವಾತಾವರಣದ ದಿನಾಂಕವನ್ನು ಆ ದಿನಗಳಿಗೆ ಸರಿಸದೆ ಅವು ಸಿಗುವುದಿಲ್ಲ.

ಹೊತ್ತಿಗೆ ತಕ್ಕ ದರವಿರುವಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ದಾಖಲೆಯ ಮೇಲಿನ 18:00 ಎಂಬ ಗುರುತು ಆ ಕಾಲು ಗಂಟೆಯ ಆರಂಭವನ್ನು ಸೂಚಿಸುತ್ತದೆಯೋ, ಅಂತ್ಯವನ್ನೋ? ಅಂತ್ಯವಾಗಿದ್ದರೆ ಅದು 17:45ರಿಂದ 18:00ರವರೆಗಿನ ಬಳಕೆ, ಸಂಜೆಯ ದುಬಾರಿ ದರ 18:00ಕ್ಕೆ ಶುರುವಾದರೂ ಇದಕ್ಕೆ ಸಾಮಾನ್ಯ ದರವೇ ಸಲ್ಲಬೇಕು. ಮೀಟರ್ ಕಳಿಸುವ ವ್ಯವಸ್ಥೆ ಒಂದು ರೀತಿ, ಬಿಲ್ಲಿಂಗ್ ವ್ಯವಸ್ಥೆ ಇನ್ನೊಂದು ರೀತಿ ಅರ್ಥ ಮಾಡಿಕೊಂಡಿದ್ದರೆ ಪ್ರತಿ ಗ್ರಾಹಕರ ಪ್ರತಿ ದಿನವೂ ಕಾಲು ಗಂಟೆ ಪಕ್ಕಕ್ಕೆ ಸರಿದಿರುತ್ತದೆ. ಪರೀಕ್ಷಿಸುವ ದಾರಿ ಸರಳ: ದಿನದ ಎಲ್ಲ ದಾಖಲೆಗಳಲ್ಲಿ ಸೊನ್ನೆ ಇಟ್ಟು, 18:00 ಎಂಬ ಒಂದೇ ದಾಖಲೆಯಲ್ಲಿ 10 ಯೂನಿಟ್ ಇಡಿ. ಆ ಹತ್ತು ಯೂನಿಟ್ ಯಾವ ದರದಡಿ ಬಂದಿದೆಯೆಂಬುದನ್ನು ಬಿಲ್ಲೇ ಹೇಳುತ್ತದೆ.

ಗರಿಷ್ಠ ಬೇಡಿಕೆಯ ಲೆಕ್ಕವೂ ಇದೇ ದಾಖಲೆಗಳಿಂದ ಹುಟ್ಟುತ್ತದೆ. 15 ನಿಮಿಷದಲ್ಲಿ 30 ಯೂನಿಟ್ ಬಳಕೆಯಾದರೆ ಬೇಡಿಕೆ 120 ಕಿಲೋವ್ಯಾಟ್. ಅದೇ 30 ಯೂನಿಟ್ ಅರ್ಧ ಗಂಟೆಯದಾದರೆ 60 ಮಾತ್ರ. ಒಪ್ಪಂದದ ಬೇಡಿಕೆ 200 ಕೆವಿಎ (ಕಿಲೋವೋಲ್ಟ್-ಆಂಪಿಯರ್, ಬೇಡಿಕೆಯ ಇನ್ನೊಂದು ಅಳತೆ) ಇದ್ದು, ಕನಿಷ್ಠ ಅದರ 80 ಪ್ರತಿಶತಕ್ಕೆ ಬಿಲ್ ಮಾಡುವ ನಿಯಮವಿದ್ದರೆ 159, 160, 161, 200, 201 ಎಂಬ ಐದು ಬೆಲೆಗಳನ್ನು ಕೊಟ್ಟು ನೋಡಿ. ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಕಿಲೋವ್ಯಾಟ್‌ನ ಪಾಲು) 0.90ಕ್ಕಿಂತ ಕೆಳಗಿಳಿದರೆ ದಂಡವೆಂಬ ನಿಯಮವಿದ್ದಲ್ಲಿ 0.8999 ಎಂಬ ಬೆಲೆಯನ್ನು ಮರೆಯಬೇಡಿ. ಹೋಲಿಕೆಗೆ ಮೊದಲೇ ಅದನ್ನು 0.90ಕ್ಕೆ ಏರಿಸಲಾಗುತ್ತದೆಯೇ ಎಂಬುದರ ಮೇಲೆ ದಂಡ ನಿಂತಿದೆ.

ಚಿಲ್ಲರೆಯ ಲೆಕ್ಕ

12.344ರ ಮೂರು ಸಾಲುಗಳನ್ನು ಮೊದಲು ಕೂಡಿಸಿ ಎರಡು ದಶಮಾಂಶಕ್ಕೆ ತಂದರೆ 37.03, ಪ್ರತಿ ಸಾಲನ್ನು ಮೊದಲು 12.34ಕ್ಕೆ ತಂದು ಕೂಡಿಸಿದರೆ 37.02. ಬಿಲ್ಲಿನ ಸಾಲುಗಳನ್ನು ಕೂಡಿಸಿ ನೋಡುವ ಗ್ರಾಹಕರಿಗೆ ಮುದ್ರಿತ ಒಟ್ಟು ಮೊತ್ತ ತಾಳೆಯಾಗದಿದ್ದರೆ ಅವರು ಇಡೀ ಬಿಲ್ಲನ್ನೇ ನಂಬುವುದಿಲ್ಲ, ಅದು ನ್ಯಾಯವೂ ಹೌದು.

ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಗಳ ರೌಂಡಿಂಗ್ ಎಲ್ಲೆಡೆಯೂ ಒಂದೇ ರೀತಿ ನಡೆಯುವುದಿಲ್ಲ. ಸ್ಪ್ರೆಡ್‌ಶೀಟ್ 2.5ನ್ನು 3ಕ್ಕೆ ಏರಿಸುತ್ತದೆ. ಪೈಥಾನ್ ಭಾಷೆಯ ರೌಂಡ್ ಹತ್ತಿರದ ಸಮಸಂಖ್ಯೆಯಾದ 2ಕ್ಕೆ ಇಳಿಸುತ್ತದೆ. ಕೈಲೆಕ್ಕದ ಹಾಳೆಗೂ ಬಿಲ್ಲಿಗೂ ಒಂದು ಪೈಸೆಯಷ್ಟು ವ್ಯತ್ಯಾಸ ಬಂದಾಗ «ರೌಂಡಿಂಗ್ ಇರಬೇಕು» ಎಂದು ತಳ್ಳಿಹಾಕುವ ಅಭ್ಯಾಸ ಅಪಾಯಕಾರಿ. ಅದು ಬೈನರಿ ಫ್ಲೋಟಿಂಗ್ ಪಾಯಿಂಟಿನಲ್ಲಿ (ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಸರಿಸುಮಾರಾಗಿ ಇಡುವ ಪದ್ಧತಿ) ಹಣವನ್ನು ಲೆಕ್ಕ ಹಾಕುತ್ತಿರುವುದರ ಸೂಚನೆಯೂ ಆಗಿರಬಹುದು. ಆ ಪದ್ಧತಿಯಲ್ಲಿ 0.1 ಮತ್ತು 0.2 ಕೂಡಿದರೆ ನಿಖರವಾಗಿ 0.3 ಆಗುವುದಿಲ್ಲ. ಹಣಕ್ಕೆ ದಶಮಾಂಶ ಮಾದರಿಯನ್ನೇ ಬಳಸಬೇಕೆಂದು ದೋಷವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಅಂದಾಜು ಬಿಲ್ ಮತ್ತು ಅದರ ತಿದ್ದುಪಡಿ

ಮನೆಗೆ ಬೀಗ ಹಾಕಿದ್ದರೆ, ಇಲ್ಲವೇ ಮೀಟರಿನ ಸಂಪರ್ಕ ತಪ್ಪಿದರೆ, ಅಂದಾಜಿನ ಮೇಲೆ ಬಿಲ್ ಹೋಗುತ್ತದೆ. 5000 ಎಂಬ ನಿಜವಾದ ರೀಡಿಂಗಿನ ಮುಂದಿನ ತಿಂಗಳು ತಂತ್ರಾಂಶ 5120 ಎಂದು ಅಂದಾಜಿಸಿತು ಎನ್ನಿ. ಅದರ ಮುಂದಿನ ತಿಂಗಳು ನಿಜವಾದ ರೀಡಿಂಗ್ 5090 ಎಂದು ಬಂತು. ಈಗ ಬಳಕೆ ಮೈನಸ್ 30. ತಂತ್ರಾಂಶ ಇದನ್ನು ಮೀಟರಿನ ಸುತ್ತೆಂದು ತಿಳಿಯಬಾರದು, ಸೊನ್ನೆಯೆಂದು ಬದಿಗಿಡಲೂಬಾರದು. ಅಂದಾಜು ಬಿಲ್ಲನ್ನು ರದ್ದು ಮಾಡಿ 90 ಯೂನಿಟ್‌ಗಳನ್ನು ಎರಡು ತಿಂಗಳಿಗೆ 45ರಂತೆ ಹಂಚುವ ನಿಯಮವಿದ್ದರೆ, ಮೇಲಿನ ದರದಲ್ಲಿ 615 ಎಂದು ಹೋಗಿದ್ದ ಒಂದು ತಿಂಗಳ ಶುಲ್ಕದ ಜಾಗದಲ್ಲಿ ಎರಡೂ ತಿಂಗಳು ಸೇರಿ 360 ಬರಬೇಕು.

ಮೊತ್ತ ಸರಿಯಾದರೆ ಪರೀಕ್ಷೆ ಮುಗಿಯಿತೆಂದುಕೊಳ್ಳಬೇಡಿ. ರದ್ದಾದ ಬಿಲ್ಲಿನ ತೆರಿಗೆಯೂ ಹಿಂದಿರುಗಿತೇ? ಆ ಬಿಲ್ಲನ್ನು ತಡವಾಗಿ ಕಟ್ಟಿದ್ದಕ್ಕೆ ಹಾಕಿದ್ದ ಬಡ್ಡಿ ಏನಾಯಿತು? ಗ್ರಾಹಕರು ಆಗಲೇ ಕಟ್ಟಿದ್ದ ಹಣ ಜಮೆಯಾಗಿ ಕಾಣಿಸುತ್ತದೆಯೇ, ತೇಲಾಡುತ್ತ ಉಳಿದಿದೆಯೇ? ಲೆಕ್ಕಪತ್ರ ವಿಭಾಗದ ಪುಸ್ತಕದಲ್ಲಿ ರದ್ದತಿಯ ನಮೂದು ಮೂಲ ನಮೂದಿಗೆ ಸರಿಸಮನಾಗಿ ಎದುರು ಬದಿಯಲ್ಲಿ ಬಿದ್ದಿದೆಯೇ? ಹಳೆಯ ಅವಧಿಯ ಮರುಬಿಲ್ಲಿಗೆ ಆ ಅವಧಿಯ ದರವೇ ಅನ್ವಯವಾಗಿದೆಯೇ, ಇಂದಿನ ದರ ನುಸುಳಿದೆಯೇ? ಒಂದು ಯೋಜನೆಯಲ್ಲಿ ಈ ಕೊನೆಯ ಪ್ರಶ್ನೆಯೊಂದರಿಂದಲೇ ನಮಗೆ ತಂತ್ರಾಂಶದ ಆ ಬಿಡುಗಡೆಯ ಅತಿ ಗಂಭೀರ ದೋಷ ಸಿಕ್ಕಿತು.

ಪ್ರೀಪೇಯ್ಡ್, ಸೌರ, ಅನಿಲ

ಐಇಸಿ 62055-41 ಎಂಬ ಅಂತರರಾಷ್ಟ್ರೀಯ ಮಾನದಂಡದ ಎಸ್‌ಟಿಎಸ್ (ಸ್ಟ್ಯಾಂಡರ್ಡ್ ಟ್ರಾನ್ಸ್‌ಫರ್ ಸ್ಪೆಸಿಫಿಕೇಶನ್) ಪ್ರೀಪೇಯ್ಡ್ ಮೀಟರ್‌ಗಳು 20 ಅಂಕಿಗಳ ಟೋಕನ್‌ನಿಂದ ಹಣ ತುಂಬಿಸಿಕೊಳ್ಳುತ್ತವೆ. ಪ್ರತಿ ಟೋಕನ್‌ನಲ್ಲಿ ಅಡಕವಾಗಿರುವ ಗುರುತು 1993ರ ಜನವರಿ 1ರಿಂದ ಕಳೆದ ನಿಮಿಷಗಳ ಎಣಿಕೆ, ಅದಕ್ಕೆ ಮೀಸಲಾಗಿದ್ದದ್ದು 24 ಬಿಟ್‌ಗಳು. ಆ ಎಣಿಕೆ ತುಂಬಿದ್ದು 2024ರ ನವೆಂಬರ್ 24ರಂದು. ಅಷ್ಟರೊಳಗೆ ಹಳೆಯ ಮೀಟರ್‌ಗಳಿಗೆ ಹೊಸ ಕೀಲಿಯ (ಟೋಕನ್ ಬಿಡಿಸಿ ಓದಲು ಬೇಕಾದ ಗುಪ್ತ ಸಂಖ್ಯೆ) ಟೋಕನ್‌ಗಳನ್ನು ಕೊಟ್ಟು ಮೂಲ ದಿನಾಂಕವನ್ನು ಬದಲಾಯಿಸಬೇಕಾಯಿತು. ದಿನಾಂಕವನ್ನು ಎಣಿಕೆಯಾಗಿ ಇಟ್ಟುಕೊಳ್ಳುವ ಎಲ್ಲ ಕಡೆಯೂ ಆ ಎಣಿಕೆ ಯಾವಾಗ ತುಂಬುತ್ತದೆಂದು ಕೇಳುವುದನ್ನು ನಾನು ಕಲಿತದ್ದು ಇದರಿಂದ. ಇಂತಹ ವ್ಯವಸ್ಥೆಯಲ್ಲಿ ಒಮ್ಮೆ ಬಳಸಿದ ಟೋಕನ್ ಮತ್ತೆ ತಿರಸ್ಕೃತವಾಗುವುದನ್ನು, ಕೀಲಿ ಬದಲಾವಣೆಗೆ ಮುಂಚೆ ಕೊಂಡು ಬಳಸದೆ ಉಳಿದ ಟೋಕನ್‌ನ ಗತಿಯನ್ನು ತಪ್ಪದೆ ನೋಡಿ.

ಛಾವಣಿಯ ಸೌರ ಫಲಕವಿರುವ ಮನೆಯ ಮೀಟರಿನಲ್ಲಿ ಎರಡು ರಿಜಿಸ್ಟರ್‌ಗಳಿರುತ್ತವೆ. ಮೀಟರಿನ ಅಳತೆಗಳನ್ನು ಗುರುತಿಸುವ ಓಬಿಸ್ ಸಂಕೇತದಲ್ಲಿ 1.8.0 ಎಂದರೆ ಗ್ರಿಡ್‌ನಿಂದ ಪಡೆದದ್ದು, 2.8.0 ಎಂದರೆ ಗ್ರಿಡ್‌ಗೆ ಕೊಟ್ಟದ್ದು. ಇವೆರಡು ಅದಲುಬದಲಾದರೂ ಬಿಲ್ ಬರುತ್ತದೆ, ಆದ್ದರಿಂದ ಎರಡಕ್ಕೂ ಬೇರೆ ಬೇರೆ ಅಂಕಿಗಳನ್ನೇ ಕೊಟ್ಟು ಪರೀಕ್ಷಿಸಿ. ಪಡೆದದ್ದು 300, ಕೊಟ್ಟದ್ದು 360 ಆದಾಗ ಉಳಿಯುವ 60 ಯೂನಿಟ್ ಮುಂದಿನ ತಿಂಗಳಿಗೆ ಸಾಗುತ್ತದೆಯೇ, ನಿಗದಿತ ಶುಲ್ಕ ಆಗಲೂ ಬೀಳುತ್ತದೆಯೇ ಎಂಬುದನ್ನು ನಿಯಮದೊಂದಿಗೆ ತಾಳೆ ನೋಡಿ.

ಅನಿಲದ ಮೀಟರ್ ಗಾತ್ರವನ್ನು ಅಳೆಯುತ್ತದೆ, ಬಿಲ್ ಹಲವೆಡೆ ಶಕ್ತಿಯ ಮೇಲೆ ಇರುತ್ತದೆ. ತಾಪ ಮತ್ತು ಒತ್ತಡದ ತಿದ್ದುಪಡಿಯ ಮಾತು ಬದಿಗಿಟ್ಟರೆ, 100 ಘನ ಮೀಟರ್ ಅನಿಲದ ಕ್ಯಾಲೊರಿಫಿಕ್ ಮೌಲ್ಯ (ಉರಿದಾಗ ಸಿಗುವ ಶಕ್ತಿ) ಘನ ಮೀಟರಿಗೆ 39.6 ಮೆಗಾಜೌಲ್ ಆದಾಗ, ಒಂದು ಯೂನಿಟ್ಟಿಗೆ 3.6 ಮೆಗಾಜೌಲ್‌ನಂತೆ ಭಾಗಿಸಿ 1100 ಯೂನಿಟ್. ನೂರು ಘನ ಅಡಿಗಳಲ್ಲಿ ಅಳೆಯುವ ಮೀಟರನ್ನು ಘನ ಮೀಟರಿನದೆಂದು ನಮೂದಿಸಿದರೆ ಬಳಕೆ ಸುಮಾರು 2.83 ಪಟ್ಟು ಕಡಿಮೆ ತೋರುತ್ತದೆ. ತಿರುವುಮುರುವಾದರೆ ಅಷ್ಟೇ ಪಟ್ಟು ಹೆಚ್ಚು.

ಬಿಲ್ಲಿಂಗ್ ರಾತ್ರಿ

ಒಂದೊಂದೇ ಬಿಲ್ ಸರಿಯಿದ್ದರೂ ಎಲ್ಲ ಖಾತೆಗಳಿಗೂ ಒಟ್ಟಿಗೆ ಬಿಲ್ ಮಾಡುವ ಸಗಟು ಓಟದಲ್ಲಿ ಬೇರೆ ತಪ್ಪುಗಳು ಬರುತ್ತವೆ. ಓಟವನ್ನು ಬೇಕೆಂದೇ ಅರ್ಧದಲ್ಲಿ ನಿಲ್ಲಿಸಿ ಮತ್ತೆ ಆರಂಭಿಸಿ. ಯಾವ ಖಾತೆಗೂ ಎರಡು ಬಿಲ್ ಹೋಗಬಾರದು, ಯಾವ ಖಾತೆಯೂ ಬಿಟ್ಟುಹೋಗಬಾರದು. ಬಿಲ್ ಆಗಬೇಕಿದ್ದ ಖಾತೆಗಳ ಸಂಖ್ಯೆ, ಬಿಲ್ ಆದವು, ತಡೆಹಿಡಿದವು ಮತ್ತು ಕಾರಣ ಸಹಿತ ಹೊರಗಿಟ್ಟವುಗಳ ಮೊತ್ತಕ್ಕೆ ಸಮವಾಗಬೇಕು. ಒಂದೇ ಒಂದು ಖಾತೆ ಕಡಿಮೆ ಬಂದರೂ ಅದು ಯಾವುದೆಂದು ಹುಡುಕದೆ ಮುಂದೆ ಹೋಗಬೇಡಿ.

ಮುದ್ರಿತ ಬಿಲ್ಲನ್ನು ಕೆಲವರು ಲಘುವಾಗಿ ಕಾಣುತ್ತಾರೆ. ಉದ್ದದ ಹೆಸರು ಕತ್ತರಿಸಿಹೋಗುವುದು, ಎರಡನೆಯ ಪುಟಕ್ಕೆ ಸರಿದ ಸಾಲು ಒಟ್ಟು ಮೊತ್ತದಿಂದ ತಪ್ಪಿದಂತೆ ಕಾಣುವುದು, ಜಮೆಯನ್ನು ಬಾಕಿಯಂತೆ ತೋರಿಸುವುದು, ಬಾರ್‌ಕೋಡಿನೊಳಗಿನ ಮೊತ್ತ ಮುದ್ರಿತ ಮೊತ್ತಕ್ಕಿಂತ ಬೇರೆಯಾಗಿರುವುದು, ಇವೆಲ್ಲ ಕಣ್ಣಿನಿಂದಲೇ ಸಿಗುವ ದೋಷಗಳು. ಕಾಗದದ ಮೇಲೆ ಮುದ್ರಿಸಿ ಓದಿ.

ನಿಜವಾದ ಗ್ರಾಹಕರ ಮಾಹಿತಿಯನ್ನು ಪರೀಕ್ಷೆಗೆ ಹಾಗೆಯೇ ತರುವುದು ಸಲ್ಲದು. ಕಾಲು ಗಂಟೆಯ ಬಳಕೆಯ ದಾಖಲೆ ಒಂದು ಮನೆಯವರು ಯಾವಾಗ ಏಳುತ್ತಾರೆ, ಯಾವ ದಿನ ಮನೆಯಲ್ಲಿಲ್ಲ ಎಂಬುದನ್ನೆಲ್ಲ ಹೇಳುತ್ತದೆ. ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬದಲಿಸಿ, ಸಂದೇಶ ಕಳಿಸುವ ಸೇವೆಯನ್ನು ಕಡಿತಗೊಳಿಸಿದ ನಂತರವೇ ಓಟವನ್ನು ಆರಂಭಿಸಿ. ಪರೀಕ್ಷೆಯ ಬಿಲ್ಲಿನ ಸಂದೇಶ ನಿಜವಾದ ಗ್ರಾಹಕರ ಫೋನಿಗೆ ತಲುಪಿದರೆ ಅದನ್ನು ಹಿಂಪಡೆಯುವ ದಾರಿಯಿಲ್ಲ.

ದೋಷವರದಿ ಮತ್ತು ಹಳೆಯ ವ್ಯವಸ್ಥೆಯೊಡನೆ ಹೋಲಿಕೆ

«ಬಿಲ್ ತಪ್ಪಾಗಿದೆ» ಎಂಬ ವರದಿ ಯಾರಿಗೂ ಉಪಯೋಗವಿಲ್ಲ. «ಅವಧಿಯ ನಡುವೆ ಮೀಟರ್ ಬದಲಾದಾಗ ಹೊಸ ಮೀಟರಿನ ಬಳಕೆ ಮತ್ತೆ ಮೊದಲ ಸ್ಲ್ಯಾಬಿನಿಂದ ಲೆಕ್ಕವಾಗುತ್ತಿದೆ, 131 ಯೂನಿಟ್‌ಗಳಿಗೆ 692 ಬರಬೇಕು, 572 ಬಂದಿದೆ» ಎಂಬ ಶೀರ್ಷಿಕೆಯನ್ನು ಓದಿದವರು ಅಲ್ಲಿಯೇ ಕೆಲಸ ಶುರು ಮಾಡಬಹುದು. ಖಾತೆಯ ಬಗೆ, ದರಪಟ್ಟಿಯ ಆವೃತ್ತಿ, ಎಲ್ಲ ರೀಡಿಂಗ್‌ಗಳು, ಕೈಲೆಕ್ಕದ ಹಾಳೆ, ಅನ್ವಯವಾಗುವ ನಿಯಮದ ಸಾಲು, ಇಷ್ಟನ್ನೂ ಲಗತ್ತಿಸಿ. ಈ ಸ್ಥಿತಿಯಲ್ಲಿರುವ ಖಾತೆಗಳು ಎಷ್ಟಿವೆಯೆಂದು ಡೇಟಾಬೇಸಿನಿಂದ ಎಣಿಸಿ ಬರೆದರೆ ಆದ್ಯತೆಯ ಚರ್ಚೆ ಬೇಗ ಮುಗಿಯುತ್ತದೆ. ಸಣ್ಣ ಮೊತ್ತದ ತಪ್ಪು ಎಲ್ಲರಿಗೂ ತಟ್ಟುವುದಾದರೆ ಅದು ಸಣ್ಣದಲ್ಲ.

ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗುವಾಗ ಒಂದೇ ಅವಧಿಯ ಬಿಲ್ಲುಗಳನ್ನು ಎರಡರಲ್ಲೂ ಓಡಿಸಿ ಹೋಲಿಸುವುದು ರೂಢಿ. ವ್ಯತ್ಯಾಸ ಇಷ್ಟರೊಳಗಿದ್ದರೆ ಒಪ್ಪಬಹುದು ಎಂಬ ಮಿತಿಯನ್ನು ಆರಂಭದಲ್ಲಿಯೇ ಹಾಕಿಕೊಳ್ಳಬೇಡಿ; ಮೊದಲು ಎಲ್ಲ ವ್ಯತ್ಯಾಸಗಳನ್ನೂ ಕಾರಣದ ಪ್ರಕಾರ ಗುಂಪು ಮಾಡಿ. ಒಂದೇ ಕಾರಣದ ಸಾವಿರ ಬಿಲ್ಲುಗಳಲ್ಲಿ ಒಂದನ್ನು ಕೈಲೆಕ್ಕದಲ್ಲಿ ಬಿಡಿಸಿದರೆ ಉಳಿದವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹಳೆಯ ವ್ಯವಸ್ಥೆಯೇ ವರ್ಷಗಟ್ಟಲೆ ತಪ್ಪಾಗಿದ್ದು ಹೊಸದು ಸರಿಯಾಗಿರುವ ಗುಂಪೂ ಸಿಗಬಹುದು. ಅದನ್ನು ಮುಚ್ಚಿಡದೆ ದರ ವಿಭಾಗಕ್ಕೂ ಕಾನೂನು ವಿಭಾಗಕ್ಕೂ ಬರಹದಲ್ಲಿ ತಿಳಿಸುವುದು ಪರೀಕ್ಷಕರ ಹೊಣೆ.

ಹೊಸ ದರ ಆದೇಶ ಬಂದಾಗ ಹಳೆಯ ಕೈಲೆಕ್ಕದ ಹಾಳೆಗಳ ಮೇಲೆಯೇ ಹೊಸ ದರಗಳನ್ನು ಬರೆದುಬಿಡಬೇಡಿ. ದರಪಟ್ಟಿಯ ಆವೃತ್ತಿ ಮತ್ತು ಜಾರಿಯ ದಿನಾಂಕವನ್ನು ಹೆಸರಿನಲ್ಲಿಯೇ ಸೇರಿಸಿ ಪ್ರತ್ಯೇಕ ಪ್ರತಿ ಮಾಡಿಕೊಳ್ಳಿ. ಹಳೆಯ ಅವಧಿಯ ಮರುಬಿಲ್ಲುಗಳು ಅನುಮತಿಸಿದ ಕೊನೆಯ ದಿನದವರೆಗೂ ಬರುತ್ತಲೇ ಇರುತ್ತವೆ, ಅಲ್ಲಿಯವರೆಗೆ ಹಳೆಯ ಹಾಳೆಗಳನ್ನೂ ಪ್ರತಿ ಬಿಡುಗಡೆಯಲ್ಲಿ ಓಡಿಸಬೇಕಾಗುತ್ತದೆ.